ಮುಖದಲ್ಲಿ ಬಂಗು, ರಕ್ತದಲ್ಲಿ ಡಿ ಬರೀ 11: ಬಿಸಿಲಿಗೆ ಹೋಗಬೇಕೋ ಬೇಡವೋ?

ಪ್ರಶ್ನೆ: ನನಗೆ 38 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟರೆ ಕತ್ತಲಾದ ಮೇಲೆಯೇ ವಾಪಸು. ಮೂರು ವರ್ಷದಿಂದ ಎರಡೂ ಕೆನ್ನೆಯಲ್ಲಿ ಬಂಗು ಇದೆ. ಎಸ್‌ಪಿಎಫ್ 50 ಸನ್‌ಸ್ಕ್ರೀನ್ ಹಚ್ಚದೆ ಹೊರಗೆ ಕಾಲಿಡಬೇಡಿ ಎಂದು ಚರ್ಮದ ಡಾಕ್ಟರು ಹೇಳಿದ್ದಾರೆ. ಈಚೆಗೆ ಸುಸ್ತು, ಸೊಂಟನೋವು, ಕೂದಲು ಉದುರುವುದು ಹೆಚ್ಚಾಗಿ ಇನ್ನೊಬ್ಬ ಡಾಕ್ಟರಿಗೆ ತೋರಿಸಿದೆ. ರಕ್ತದಲ್ಲಿ ವಿಟಮಿನ್ ಡಿ 11 ಎಂದು ಬಂತು. ವಾರಕ್ಕೊಂದರಂತೆ 60,000 ಯೂನಿಟ್‌ನ ಎಂಟು ಸ್ಯಾಷೆ ಬರೆದುಕೊಟ್ಟು, ದಿನಾ ಬಿಸಿಲಿಗೆ ನಿಲ್ಲಿ ಅಂದರು. ನಮ್ಮತ್ತೆ ಬೆಳಿಗ್ಗೆ ಏಳು ಗಂಟೆಯ ಎಳೆಬಿಸಿಲಿಗೆ ಮೈಯೊಡ್ಡಿದರೆ ಸಾಕು, ಔಷಧಿ ಯಾಕೆ ಎನ್ನುತ್ತಾರೆ. ಆಫೀಸಿನಲ್ಲಿ ನನ್ನದು ಕಿಟಕಿ ಪಕ್ಕದ ಸೀಟು, ಮಧ್ಯಾಹ್ನ ಎಡಗೆನ್ನೆಗೆ ಚೆನ್ನಾಗಿ ಬಿಸಿಲು ಬೀಳುತ್ತದೆ, ಅದು ಲೆಕ್ಕಕ್ಕಿಲ್ಲವೇ? ಸನ್‌ಸ್ಕ್ರೀನ್‌ನಿಂದಲೇ ಡಿ ಇಳಿಯಿತೇ? ಎಂಟು ವಾರ ಮುಗಿದ ಮೇಲೆ ಏನು ಮಾಡಬೇಕು? ಟೊರಾಂಟೊದಲ್ಲಿರುವ ತಂಗಿ ದಿನಾ 1,000 ಯೂನಿಟ್‌ನ ಮಾತ್ರೆ ನುಂಗುತ್ತಾಳೆ, ನನಗೂ ಅದೇ ಸಾಕಾಗುತ್ತದೆಯೇ? ನಾವು ಸಸ್ಯಾಹಾರಿಗಳು. ಕೂದಲಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. 67 ವರ್ಷದ ಅತ್ತೆಯವರಿಗೂ ಪರೀಕ್ಷೆ ಮಾಡಿಸಬೇಕೇ?

ಉತ್ತರ: ಇಬ್ಬರು ಡಾಕ್ಟರೂ ಸರಿಯಾಗಿಯೇ ಹೇಳಿದ್ದಾರೆ. ಒಬ್ಬರು ಮಾತಾಡಿದ್ದು ನಿಮ್ಮ ಮುಖದ ಬಗ್ಗೆ, ಇನ್ನೊಬ್ಬರು ಉಳಿದ ಮೈಯ ಬಗ್ಗೆ. ಅದನ್ನು ಬಿಡಿಸಿ ಹೇಳದ ಕಾರಣ ನೀವು ನಡುವೆ ಸಿಕ್ಕಿಕೊಂಡಿದ್ದೀರಿ.

ಬಂಗು ಇರುವುದು ಮುಖದಲ್ಲಿ. ವಿಟಮಿನ್ ಡಿ ತಯಾರಾಗುವುದು ಬಿಸಿಲು ಬಿದ್ದ ಯಾವ ಚರ್ಮದಲ್ಲಾದರೂ. ಇಡೀ ಮೈಯ ಚರ್ಮವನ್ನು ನೂರು ಪಾಲು ಅಂದುಕೊಂಡರೆ ಮುಖದ್ದು ಮೂರೂವರೆ ನಾಲ್ಕು ಪಾಲು, ಅಷ್ಟೇ. ಮೊಣಕೈಯಿಂದ ಬೆರಳ ತುದಿಯವರೆಗೆ ಎರಡೂ ಕೈ ಸೇರಿ ಸುಮಾರು 11. ಮೊಣಕಾಲಿನಿಂದ ಪಾದದ ಗಿಣ್ಣಿನವರೆಗೆ ಎರಡೂ ಕಾಲು ಸೇರಿ ಸುಮಾರು 14. ಅಂದರೆ ಮುಖವನ್ನು ಪೂರ್ತಿ ಮುಚ್ಚಿಟ್ಟರೂ ಡಿ ವಿಷಯದಲ್ಲಿ ನಿಮಗಾಗುವ ನಷ್ಟ ತೀರಾ ಸಣ್ಣದು. ಬಂಗು ಮಾತ್ರ ಆ ನಾಲ್ಕು ಪಾಲಿನಲ್ಲೇ ಕೂತಿದೆ. ಹಾಗಾಗಿ ಮುಖಕ್ಕೆ ವರ್ಷದ 365 ದಿನವೂ ನೆರಳು, ಸನ್‌ಸ್ಕ್ರೀನ್. ಕೈಕಾಲಿಗೆ ಅಳತೆಯ ಬಿಸಿಲು. 11ಕ್ಕೆ ಇಳಿದದ್ದನ್ನು ತುಂಬಲು ಸ್ಯಾಷೆ. ಈ ಮೂರರಲ್ಲಿ ಒಂದು ಮಾಡಿದರೆ ಇನ್ನೊಂದು ಬೇಡ ಅನ್ನುವ ಹಾಗಿಲ್ಲ. ಒಂದೊಂದರ ಕೆಲಸ ಒಂದೊಂದು.

ಎಳೆಬಿಸಿಲು, ಕಿಟಕಿಯ ಬಿಸಿಲು

ಬಿಸಿಲಿನಲ್ಲಿ ಚರ್ಮಕ್ಕೆ ತಾಗುವ ಅತಿನೇರಳೆ ಕಿರಣಗಳು ಎರಡು ಬಗೆ: ಯುವಿಎ ಮತ್ತು ಯುವಿಬಿ. ಚರ್ಮದ ಮೇಲುಪದರದಲ್ಲಿ 7-ಡಿಹೈಡ್ರೋಕೊಲೆಸ್ಟರಾಲ್ ಎಂಬ ವಸ್ತು ಇದೆ. 290ರಿಂದ 315 ನ್ಯಾನೋಮೀಟರ್ ಅಲೆಯುದ್ದದ ಯುವಿಬಿ ಬಿದ್ದಾಗ ಅದು ಒಡೆದು, ಮೈಯ ಕಾವಿನಲ್ಲೇ ನಿಧಾನವಾಗಿ ವಿಟಮಿನ್ ಡಿ3 ಆಗುತ್ತದೆ. ಬಳಿಕ ಅದು ಲಿವರ್‌ಗೆ ಹೋಗಿ 25-ಹೈಡ್ರಾಕ್ಸಿ ಡಿ ಎಂಬ ದಾಸ್ತಾನಾಗುತ್ತದೆ. ನಿಮ್ಮ ವರದಿಯ 11 ಈ ದಾಸ್ತಾನಿನ ಲೆಕ್ಕ. ಅಲ್ಲಿಂದ ಬೇಕಾದಷ್ಟನ್ನು ಮೂತ್ರಪಿಂಡ ಚುರುಕಾದ ಹಾರ್ಮೋನಾಗಿ ಬದಲಿಸಿಕೊಂಡು ಕರುಳಿನಿಂದ ಕ್ಯಾಲ್ಸಿಯಂ ಎಳೆದುಕೊಳ್ಳುವ ಕೆಲಸಕ್ಕೆ ಹಚ್ಚುತ್ತದೆ. ಯುವಿಎ ಇದರಲ್ಲಿ ಏನೂ ಮಾಡುವುದಿಲ್ಲ. ಅದು ಚರ್ಮದೊಳಗೆ ಇನ್ನೂ ಆಳಕ್ಕಿಳಿದು ಬಣ್ಣ ಕಪ್ಪಾಗಿಸುತ್ತದೆ, ಸುಕ್ಕು ತರುತ್ತದೆ, ಬಂಗನ್ನು ಕೆರಳಿಸುತ್ತದೆ.

ಇಷ್ಟು ತಿಳಿದರೆ ಕಿಟಕಿಯ ಲೆಕ್ಕ ತಾನಾಗಿ ಬಿಡಿಸಿಕೊಳ್ಳುತ್ತದೆ. ಮಾಮೂಲಿ ಕಿಟಕಿ ಗಾಜು ಯುವಿಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ, ಯುವಿಎಯ ಬಹುಪಾಲನ್ನು ಒಳಗೆ ಬಿಡುತ್ತದೆ. ನಿಮ್ಮ ಸೀಟಿನಲ್ಲಿ ಎಡಗೆನ್ನೆಗೆ ಸಿಗುತ್ತಿರುವುದು ಬಂಗಿಗೆ ಬೇಕಾದ ಬಿಸಿಲು, ಡಿಗೆ ಬೇಕಾದದ್ದಲ್ಲ. ಬಂಗು ಎರಡೂ ಕೆನ್ನೆಯಲ್ಲಿದೆ ಎಂದಿದ್ದೀರಿ. ಎಡಗಡೆ ತುಸು ಗಾಢವಾಗಿದೆಯೇ ಎಂದು ಕನ್ನಡಿಯಲ್ಲಿ ಒಮ್ಮೆ ನೋಡಿ. ಸೀಟು ಬದಲಾಯಿಸಿಕೊಳ್ಳಿ, ಇಲ್ಲವೇ ಪರದೆ ಇಳಿಸಿ, ಅಥವಾ ಗಾಜಿಗೆ ಯುವಿ ತಡೆಯುವ ಫಿಲ್ಮ್ ಅಂಟಿಸಲು ಆಫೀಸಿನವರನ್ನು ಕೇಳಿ. ಕಾರಿನಲ್ಲೂ ಇದೇ ಕಥೆ: ಎದುರಿನ ಗಾಜು ಎರಡು ಪದರದ್ದಾದ್ದರಿಂದ ಯುವಿಎಯನ್ನೂ ಬಹುಪಾಲು ತಡೆಯುತ್ತದೆ, ಪಕ್ಕದ ಗಾಜುಗಳನ್ನು ಹಾಗೆ ನಂಬುವಂತಿಲ್ಲ. ಅಂದಹಾಗೆ, ಕಂಪ್ಯೂಟರ್ ಪರದೆಯ ನೀಲಿ ಬೆಳಕಿನಿಂದ ಬಂಗು ಹೆಚ್ಚುತ್ತದೆ ಎಂದು ಕ್ರೀಮು ಮಾರುವವರಿದ್ದಾರೆ. ಬಿಸಿಲಿನ ಮುಂದೆ ಆ ಬೆಳಕು ಲೆಕ್ಕಕ್ಕೇ ಬರದಷ್ಟು ಮಂದ. ಅದಕ್ಕೆ ದುಡ್ಡು ಸುರಿಯಬೇಡಿ.

ಇನ್ನು ಏಳು ಗಂಟೆಯ ಬಿಸಿಲು. ಆ ಹೊತ್ತಿನಲ್ಲಿ ಸೂರ್ಯ ದಿಗಂತದ ಹತ್ತಿರ ಇರುತ್ತಾನೆ, ಕಿರಣಗಳು ಓರೆಯಾಗಿ ಓಜೋನ್ ಪದರದಲ್ಲಿ ಬಹಳ ದೂರ ಸಾಗಿ ಬರಬೇಕು. ಯುವಿಬಿ ದಾರಿಯಲ್ಲೇ ಸೋಸಿಹೋಗುತ್ತದೆ. ನಿಮಗೆ ತಲಪುವುದು ಬೆಳಕು, ಬೆಚ್ಚನೆಯ ಕಾವು, ಒಂದಿಷ್ಟು ಯುವಿಎ. ಡಿ ಬರುವ ಹೊತ್ತನ್ನು ತಿಳಿಯಲು ಗಡಿಯಾರಕ್ಕಿಂತ ನಿಮ್ಮ ನೆರಳು ವಾಸಿ. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಡಿ ಚೆನ್ನಾಗಿ ತಯಾರಾಗುತ್ತದೆ. ಉದ್ದವಾಗಿದ್ದರೆ ಇಲ್ಲವೆನ್ನುವಷ್ಟು ಕಡಿಮೆ. ಬೆಂಗಳೂರಿನ ಅಕ್ಷಾಂಶಕ್ಕೆ ಲೆಕ್ಕ ಹಾಕಿದರೆ ಏಪ್ರಿಲ್ ಹೊತ್ತಿಗೆ ಬೆಳಿಗ್ಗೆ ಸುಮಾರು 9:15ರಿಂದ ಮಧ್ಯಾಹ್ನ 3:25ರವರೆಗೆ ನೆರಳು ಗಿಡ್ಡ. ಡಿಸೆಂಬರ್ ಕೊನೆಯಲ್ಲಿ ಅದೇ 10:30ರಿಂದ 2ರವರೆಗೆ ಕುಗ್ಗುತ್ತದೆ. ಬೀದರಿನಿಂದ ಚಾಮರಾಜನಗರದವರೆಗೆ ವರ್ಷದ ಯಾವ ದಿನವೂ ನಡುಹಗಲಿನ ನೆರಳು ಎತ್ತರವನ್ನು ಮೀರುವುದಿಲ್ಲ. ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ, ಬಿಸಿಲಿಗೆ ಬರುವ ಚರ್ಮಕ್ಕೆ ಬರ.

ನಿಮ್ಮ ತಂಗಿಯ ಸಂಗತಿಯೇ ಬೇರೆ. ಟೊರಾಂಟೊದ ಅಕ್ಷಾಂಶ ಸುಮಾರು 43.7 ಡಿಗ್ರಿ. ಡಿಸೆಂಬರಿನಲ್ಲಿ ಅಲ್ಲಿ ಮಟಮಟ ಮಧ್ಯಾಹ್ನಕ್ಕೂ ಸೂರ್ಯ 23 ಡಿಗ್ರಿಯಷ್ಟೇ ಮೇಲೇರುತ್ತಾನೆ, ನೆರಳು ಮೈಗಿಂತ ಎರಡು ಪಟ್ಟಿಗೂ ಉದ್ದ. ನವೆಂಬರಿನಿಂದ ಫೆಬ್ರವರಿವರೆಗೆ ಮೈಬಿಟ್ಟು ನಿಂತರೂ ಡಿ ಬರುವುದಿಲ್ಲ, ಚಳಿಯಲ್ಲಿ ಮೈಬಿಡುವ ಮಾತೂ ಇಲ್ಲ. ಕಂದು ಚರ್ಮದವರು ಅಲ್ಲಿ ಮಾತ್ರೆ ತೆಗೆದುಕೊಳ್ಳುವುದು ಸರಿಯೇ. ಅಲ್ಲಿನ 1,000 ಯೂನಿಟ್ ಇರುವ ಮಟ್ಟವನ್ನು ಕಾಪಾಡಿಕೊಳ್ಳಲು. ನಿಮ್ಮ 11 ಅನ್ನು ಅಷ್ಟರಿಂದ ಮೇಲೆತ್ತಲು ತಿಂಗಳುಗಟ್ಟಲೆ ಬೇಕು.

ಎಷ್ಟು ಬಿಸಿಲು, ಹೇಗೆ

ಚರ್ಮರೋಗ ಶಾಸ್ತ್ರದಲ್ಲಿ ಬಳಕೆಯಲ್ಲಿರುವ ಸ್ಥೂಲ ಲೆಕ್ಕ ಹೀಗೆ: ಮೈಯ ಕಾಲು ಭಾಗಕ್ಕೆ, ಚರ್ಮ ಕೆಂಪಗಾಗಲು ಬೇಕಾದ ಹೊತ್ತಿನ ಕಾಲು ಭಾಗದಷ್ಟು ನಡುಹಗಲಿನ ಬಿಸಿಲು ಬಿದ್ದರೆ ಸುಮಾರು 1,000 ಯೂನಿಟ್ ಡಿ. ಕೈಯ 11, ಕಾಲಿನ 14 ಕೂಡಿದರೆ ಸರಿಯಾಗಿ ಕಾಲು ಭಾಗ ಆಯಿತಲ್ಲ. ನಮ್ಮ ಗೋಧಿಬಣ್ಣ, ಎಣ್ಣೆಗಪ್ಪು ಚರ್ಮದಲ್ಲಿ ಮೆಲನಿನ್ ಹೆಚ್ಚು, ಅದು ಯುವಿಬಿಯನ್ನು ತಾನೇ ಹೀರಿಕೊಳ್ಳುತ್ತದೆ. ಬಿಳಿಯರಿಗೆ ಐದು ನಿಮಿಷ ಸಾಕಾದರೆ ನಮಗೆ ಅದರ ಮೂರು ನಾಲ್ಕು ಪಟ್ಟು ಬೇಕು. ಎಲ್ಲ ಕೂಡಿಸಿ ನೋಡಿದರೆ, ನಮ್ಮ ನಡುಹಗಲಿನ ಬಿಸಿಲಿನಲ್ಲಿ 15ರಿಂದ 20 ನಿಮಿಷ, ವಾರಕ್ಕೆ ಮೂರು ಸಲ. ಬಣ್ಣ ಗಾಢವಿದ್ದವರಿಗೆ 30 ನಿಮಿಷ. ಬಿಳಿಯರಂತೆ ನಮ್ಮ ಚರ್ಮ ಕೆಂಪಗಾಗಿ ಎಚ್ಚರಿಸುವುದಿಲ್ಲ. ಚುರುಗುಟ್ಟಲು ಶುರುವಾಯಿತೆಂದರೆ ಆಗಲೇ ಮಿತಿ ಮೀರಿದೆ ಎಂದರ್ಥ. ಮೊಬೈಲಿನಲ್ಲಿ ಟೈಮರ್ ಇಟ್ಟುಕೊಳ್ಳಿ.

ಒಂದು ಗಂಟೆ ನಿಂತರೆ ಮೂರು ಪಟ್ಟು ಬರುತ್ತದೆಯೇ? ಇಲ್ಲ. ಒಂದು ಹಂತ ದಾಟಿದ ಮೇಲೆ ಅದೇ ಬಿಸಿಲು ತಾನು ತಯಾರಿಸಿದ್ದನ್ನು ನಿರುಪಯೋಗಿ ವಸ್ತುಗಳಾಗಿ ಒಡೆಯತೊಡಗುತ್ತದೆ. ಬಿಸಿಲಿನಿಂದ ಯಾರಿಗೂ ವಿಟಮಿನ್ ಡಿ ವಿಷವೇರದಿರುವುದು ಇದರಿಂದಲೇ. ಡಿಯ ಆದಾಯ ಬೇಗ ನಿಲ್ಲುತ್ತದೆ, ಚರ್ಮದ ಖರ್ಚು ಮಾತ್ರ ನಿಮಿಷ ನಿಮಿಷಕ್ಕೂ ಏರುತ್ತಲೇ ಹೋಗುತ್ತದೆ.

ಬಂಗು ಇರುವ ನಿಮಗೆ ತೊಡಕು ಒಂದಿದೆ. ಟೋಪಿ ಹಾಕಿದರೂ ತಾರಸಿಯ ನೆಲ, ಬಿಳಿ ಗೋಡೆಗಳಿಂದ ಚಿಮ್ಮಿದ ಬೆಳಕು ಮುಖಕ್ಕೆ ತಾಗುತ್ತದೆ, ಜೊತೆಗೆ ಬರೀ ಕಾವು ಕೂಡ ಬಂಗನ್ನು ಕೆರಳಿಸಬಲ್ಲದು. ಆದ್ದರಿಂದ ಬಿಸಿಲಿನಲ್ಲಿ ನಿಲ್ಲಬೇಡಿ, ನೆರಳಿನಲ್ಲಿ ಕೂತು ಕೈಕಾಲನ್ನಷ್ಟೇ ಬಿಸಿಲಿಗೆ ಕಳಿಸಿ. ತಾರಸಿಯ ನೀರಿನ ಟ್ಯಾಂಕಿನ ನೆರಳಿಗೆ ಕುರ್ಚಿ ಹಾಕಿಕೊಳ್ಳಿ. ತಲೆ, ಎದೆ ನೆರಳಿನಲ್ಲಿರಲಿ, ಮೊಣಕಾಲಿನ ಕೆಳಗೆ ಮತ್ತು ಮುಂಗೈ ಬಿಸಿಲಿನಲ್ಲಿ. ಬಿಸಿಲು ಒಂದೇ ಬದಿಗೆ ಬೀಳುವುದರಿಂದ ಅರ್ಧ ಹೊತ್ತಾದ ಮೇಲೆ ಕೈ ತಿರುಗಿಸಿ, ಕಾಲು ಮಗ್ಗುಲಾಗಿಸಿ. ಬಾಲ್ಕನಿಯಾದರೆ ಗಾಜು ಹಾಕಿರಬಾರದು. ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚಿಯೇ ಇರಬೇಕು. ವಾರದ ದಿನಗಳಲ್ಲಿ ಊಟದ ಬಿಡುವಿನಲ್ಲಿ ಆಗದಿದ್ದರೆ ಶನಿವಾರ, ಭಾನುವಾರ ಮಾಡಿ. ಅದೂ ಆಗದಿದ್ದರೆ ಬೇಸರ ಬೇಡ. ಮುಂದೆ ಹೇಳುವ ನಿತ್ಯದ ಮಾತ್ರೆಯೇ ಆ ಕೆಲಸ ಪೂರ್ತಿ ಮಾಡುತ್ತದೆ. ಸ್ಯಾಷೆ ನಡೆಯುತ್ತಿರುವ ಎಂಟು ವಾರವಂತೂ ಬಿಸಿಲು ತಪ್ಪಿದರೂ ನಡೆಯುತ್ತದೆ.

ಬಿಸಿಲಿನ ದಾರಿಯೇ ಬೇಡ ಎನ್ನಬೇಕಾದವರೂ ಇದ್ದಾರೆ: ಮೈಯ ರಕ್ಷಣಾ ವ್ಯವಸ್ಥೆ ಮೈಯ ಮೇಲೇ ತಿರುಗಿಬೀಳುವ ಲೂಪಸ್ ಕಾಯಿಲೆ ಇರುವವರು, ಬಿಸಿಲಿಗೆ ಹೋದರೆ ಗುಳ್ಳೆ ಏಳುವ ಅಲರ್ಜಿಯವರು, ಹುಟ್ಟಿನಿಂದ ಮೈ ಪೂರ್ತಿ ಬಿಳಿ ಇರುವ ಆಲ್ಬಿನಿಸಂನವರು, ಹಿಂದೆ ಚರ್ಮದ ಕ್ಯಾನ್ಸರ್ ಆದವರು, ಚರ್ಮ ಬಿಸಿಲು ತಾಳದಂತೆ ಮಾಡುವ ಡಾಕ್ಸಿಸೈಕ್ಲಿನ್‌ನಂಥ ಔಷಧಿ ತೆಗೆದುಕೊಳ್ಳುತ್ತಿರುವವರು. ಇವರಿಗೆ ಡಿ ಮಾತ್ರೆಯಿಂದಲೇ ಬರಬೇಕು.

ಬಿಸಿಲು ಕಾಯಿಸಿದ ಮೇಲೆ ಸೋಪು ಹಚ್ಚಿ ಸ್ನಾನ ಮಾಡಿದರೆ ಡಿ ತೊಳೆದುಹೋಗುತ್ತದೆ ಎಂಬ ಮಾತು ಬಹಳ ಓಡಾಡುತ್ತಿದೆ. ಡಿ ತಯಾರಾಗುವುದು ಚರ್ಮದ ಜೀವಂತ ಕೋಶಗಳೊಳಗೆ. ನೀರಿಗಿಳಿಯುವಷ್ಟು ಮೇಲೆ ಅದು ಕೂತಿರುವುದಿಲ್ಲ. ಆರಾಮಾಗಿ ಸ್ನಾನ ಮಾಡಿ.

ಸನ್‌ಸ್ಕ್ರೀನ್ ಮೇಲಿನ ಆಪಾದನೆ

ಎಸ್‌ಪಿಎಫ್ 30 ಯುವಿಬಿಯ ಸುಮಾರು 97 ಪಾಲನ್ನು, 50 ಸುಮಾರು 98 ಪಾಲನ್ನು ತಡೆಯುತ್ತದೆ. ಕಾಗದದ ಮೇಲೆ ನೋಡಿದರೆ ಡಿ ಬರುವುದೇ ಇಲ್ಲ ಅನ್ನಿಸಬೇಕು. ಆದರೆ ಈ ಅಂಕಿ ಬಂದಿರುವುದು ಪ್ರಯೋಗಾಲಯದಲ್ಲಿ, ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ದಪ್ಪಕ್ಕೆ ಬಳಿದಾಗ. ಜನ ಹಚ್ಚುವುದು ಅದರ ಕಾಲು ಭಾಗ, ಹೆಚ್ಚೆಂದರೆ ಅರ್ಧ. ದಿನವೂ ಮೈಗೆಲ್ಲ ಶಿಸ್ತಾಗಿ ಹಚ್ಚುವವರಲ್ಲಿ ಡಿ ಮಟ್ಟ ಕೊಂಚ ತಗ್ಗಬಹುದು, ಅದು ಸುಳ್ಳಲ್ಲ. ನಿಮ್ಮ ವಿಷಯದಲ್ಲಿ ಮಾತ್ರ ಅದನ್ನು ಕಟಕಟೆಗೆ ಎಳೆಯುವುದು ಅನ್ಯಾಯ. ಹಚ್ಚಿದ್ದು ಮುಖಕ್ಕೆ, ಕೈಕಾಲಿಗೆ ಅಡ್ಡ ಬಂದದ್ದು ತುಂಬುತೋಳು, ಪ್ಯಾಂಟು, ಕ್ಯಾಬು, ಆಫೀಸಿನ ಚಾವಣಿ.

ಅದರ ಬದಲು, ಬಂಗಿಗೆ ಹಚ್ಚುತ್ತಿರುವುದು ಸಾಕಷ್ಟಿದೆಯೇ ಎಂದು ನೋಡಿಕೊಳ್ಳಿ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಹಿಂಡಿದರೆ ಮುಖ, ಕುತ್ತಿಗೆಗೆ ಸರಿಹೋಗುವಷ್ಟಾಗುತ್ತದೆ. ಬಟಾಣಿ ಗಾತ್ರದ ತೊಟ್ಟು ಸಾಲದು. ಅಷ್ಟರಲ್ಲಿ 50ರ ಕ್ರೀಮು ಹತ್ತು ಹದಿನೈದರದಾಗಿಬಿಡುತ್ತದೆ. ಎಸ್‌ಪಿಎಫ್ ಹೇಳುವುದು ಯುವಿಬಿಯ ಕಥೆ ಮಾತ್ರ. ಯುವಿಎಗೆ ಪಿಎ ಎಂಬ ಗುರುತು, ಅದರ ಮುಂದೆ ಮೂರೋ ನಾಲ್ಕೋ ಪ್ಲಸ್ ಇರಲಿ. ಬಂಗನ್ನು ಕಣ್ಣಿಗೆ ಕಾಣುವ ಮಾಮೂಲಿ ಬೆಳಕೂ ಕೆರಳಿಸುತ್ತದೆ, ಅದರಲ್ಲೂ ನಮ್ಮ ಬಣ್ಣದವರಲ್ಲಿ. ಬಣ್ಣವಿಲ್ಲದ ಸನ್‌ಸ್ಕ್ರೀನ್ ಅದನ್ನು ತಡೆಯಲಾರದು. ಐರನ್ ಆಕ್ಸೈಡ್ ಬೆರೆಸಿದ, ಚರ್ಮದ ಬಣ್ಣದ್ದೇ ಟಿಂಟೆಡ್ ಸನ್‌ಸ್ಕ್ರೀನ್ ತಡೆಯುತ್ತದೆ. ಮೂರು ವರ್ಷವಾದರೂ ಬಂಗು ಜಗ್ಗಿಲ್ಲ ಎಂದರೆ ಮೊದಲು ಇದನ್ನೇ ಬದಲಾಯಿಸಿ ನೋಡಬೇಕು. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು; ಕಿಟಕಿಯಿಂದ ದೂರ, ಒಳಗೇ ಕೂತಿದ್ದರೆ ಬೆಳಿಗ್ಗೆ ಒಮ್ಮೆ, ಊಟದ ಹೊತ್ತಿಗೆ ಒಮ್ಮೆ ಸಾಕು. ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಚರ್ಮದ ಡಾಕ್ಟರಿಗೆ ತಿಳಿಸಿ, ಬಂಗಿಗೆ ಅದೂ ಒಂದು ಕಾರಣ.

11 ಎಂಬ ಅಂಕಿ, ಮತ್ತು ಸ್ಯಾಷೆ

ಲ್ಯಾಬಿನ ವರದಿಯಲ್ಲಿ 30ಕ್ಕಿಂತ ಕಡಿಮೆ ಇದ್ದರೆ ಕೆಂಪಕ್ಷರ ಬೀಳುತ್ತದೆ. ಆ 30ರ ಗೆರೆ ಜನಪ್ರಿಯವಾದದ್ದು ಅಮೆರಿಕದ ಹಾರ್ಮೋನ್ ತಜ್ಞರ ಸಂಸ್ಥೆ ಎಂಡೋಕ್ರೈನ್ ಸೊಸೈಟಿಯ 2011ರ ಮಾರ್ಗಸೂಚಿಯಿಂದ. ಅದೇ ಸಂಸ್ಥೆ 2024ರಲ್ಲಿ ಆ ಗೆರೆಯನ್ನು ಕೈಬಿಟ್ಟಿತು, ಆರೋಗ್ಯವಂತರಿಗೆ ಸುಮ್ಮನೆ ಪರೀಕ್ಷೆ ಮಾಡಿಸುವುದೂ ಬೇಡ ಎಂದಿತು. ಮೂಳೆಯ ದೃಷ್ಟಿಯಿಂದ ಮಿಲಿಲೀಟರ್ ರಕ್ತದಲ್ಲಿ 20 ನ್ಯಾನೋಗ್ರಾಂ ಇದ್ದರೆ ಬಹುತೇಕ ಎಲ್ಲರಿಗೂ ಸಾಕು. 24, 27 ಬಂದವರು ನಿದ್ದೆಗೆಡುವ ಅಗತ್ಯವಿಲ್ಲ. ನಿಮ್ಮ 11 ಹಾಗಲ್ಲ, ಯಾವ ಅಳತೆಯಲ್ಲೂ ಕೊರತೆಯೇ. ಸ್ಯಾಷೆ ಬರೆದದ್ದು ಸರಿ.

ಬಯೋಟಿನ್ ಬಗ್ಗೆ ನೀವು ಬರೆದದ್ದು ಒಳ್ಳೆಯದಾಯಿತು. ಕೆಲವು ಲ್ಯಾಬುಗಳ ಯಂತ್ರಗಳು ಪರೀಕ್ಷೆಗೆ ಬಯೋಟಿನ್ನನ್ನೇ ಅಂಟಿನಂತೆ ಬಳಸುತ್ತವೆ. ರಕ್ತದಲ್ಲಿ ಮಾತ್ರೆಯ ಬಯೋಟಿನ್ ತುಂಬಿದ್ದರೆ ಡಿ ಇರುವುದಕ್ಕಿಂತ ಹೆಚ್ಚಾಗಿಯೂ, ಥೈರಾಯ್ಡಿನ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆಯಾಗಿಯೂ ತೋರಬಹುದು. ಮುಂದಿನ ಪರೀಕ್ಷೆಗೆ ಮೂರು ದಿನ ಮೊದಲೇ ಅದನ್ನು ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ. ಕೂದಲಿಗೆ ಅದರಿಂದ ಉಪಕಾರವಾಗುವುದು ಬಯೋಟಿನ್ ಕೊರತೆ ನಿಜಕ್ಕೂ ಇರುವ ಅಪರೂಪದವರಿಗೆ ಮಾತ್ರ.

ಸುಸ್ತು, ಕೂದಲು ಉದುರುವುದು ಎಲ್ಲವನ್ನೂ ಡಿ ತಲೆಗೆ ಕಟ್ಟಬೇಡಿ. ಡಿ ತೀರಾ ಕಡಿಮೆಯಾಗಿ ಮೂಳೆ ಮೆತ್ತಗಾದಾಗ ಬರುವ ಲಕ್ಷಣಗಳು ಬೇರೆ ಥರದವು: ತೊಡೆ, ಸೊಂಟ, ಪಕ್ಕೆಲುಬು ಒತ್ತಿದರೆ ನೋವು, ನೆಲದಿಂದ ಏಳಲು ಕೈ ಊರಬೇಕಾಗುವುದು, ಮೆಟ್ಟಿಲು ಹತ್ತಲು ತೊಡೆಯಲ್ಲಿ ಬಲ ಸಾಲದಿರುವುದು. ಇವು ಇದ್ದರೆ ಕ್ಯಾಲ್ಸಿಯಂ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್, ಪ್ಯಾರಾಥೈರಾಯ್ಡ್ ಹಾರ್ಮೋನ್ ನೋಡಿಸಬೇಕು. 38ರ ಸಸ್ಯಾಹಾರಿ ಹೆಣ್ಣುಮಗಳಿಗೆ ಸುಸ್ತು, ಕೂದಲುದುರು ಎಂದರೆ ಮೊದಲು ನೋಡಬೇಕಾದ್ದು ಹಿಮೋಗ್ಲೋಬಿನ್, ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್, ಬಿ12, ಟಿಎಸ್‌ಎಚ್. ಡಿ ಒಂದೇ ತುಂಬಿ, ಕಬ್ಬಿಣದ ಕೊರತೆಯನ್ನು ಹಾಗೇ ಬಿಟ್ಟರೆ ಎಂಟು ವಾರದ ಮೇಲೂ ಸುಸ್ತು ಸುಸ್ತಾಗಿಯೇ ಇರುತ್ತದೆ.

ಈಗ ಸ್ಯಾಷೆ ತೆಗೆದುಕೊಳ್ಳುವ ಬಗೆ. ಡಿ ಕೊಬ್ಬಿನಲ್ಲಿ ಕರಗುವ ವಿಟಮಿನ್. ಖಾಲಿ ಹೊಟ್ಟೆಯಲ್ಲಿ ನೀರಿಗೆ ಕಲಸಿ ಕುಡಿದರೆ ಕಡಿಮೆ ಹಿಡಿಯುತ್ತದೆ. ದಿನದ ದೊಡ್ಡ ಊಟ, ತುಪ್ಪವೋ ಎಣ್ಣೆಯೋ ಇರುವ ಊಟ ಮುಗಿದ ಮೇಲೆ ಒಂದು ಲೋಟ ಕೆನೆ ತೆಗೆಯದ ಹಾಲಿಗೆ ಬೆರೆಸಿ ಕುಡಿಯಿರಿ. ವಾರದ ಒಂದು ದಿನ ಗೊತ್ತು ಮಾಡಿ, ಸ್ಯಾಷೆಯ ಮೇಲೆ ಪೆನ್ನಿನಲ್ಲಿ ಎಂಟೂ ತಾರೀಖು ಬರೆದಿಟ್ಟುಬಿಡಿ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆಂದರೆ, ಈ ಚಿಕಿತ್ಸೆಯಲ್ಲಿ ಆಗುವ ದೊಡ್ಡ ಎಡವಟ್ಟು ಒಂದೇ: ವಾರಕ್ಕೊಂದು ಎಂದದ್ದನ್ನು ದಿನಕ್ಕೊಂದು ಎಂದು ತಿಳಿಯುವುದು, ಇಲ್ಲವೇ ಎಂಟು ಮುಗಿದ ಮೇಲೆ 'ಚೆನ್ನಾಗಿತ್ತು' ಎಂದು ಅದೇ ಚೀಟಿ ತೋರಿಸಿ ಅಂಗಡಿಯಿಂದ ತರುತ್ತಲೇ ಇರುವುದು. ಬಿಸಿಲಿಗೆ ತನ್ನದೇ ಮಿತಿಯಿದೆ ಎಂದೆನಲ್ಲ, ಸ್ಯಾಷೆಗೆ ಅಂಥ ಕಡಿವಾಣವಿಲ್ಲ. ಹೆಚ್ಚಾದದ್ದು ಕೊಬ್ಬಿನಲ್ಲಿ ಕೂಡಿ, ರಕ್ತದ ಕ್ಯಾಲ್ಸಿಯಂ ಏರಿಸುತ್ತದೆ. ಹಸಿವು ಸತ್ತು ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ವಯಸ್ಸಾದವರಲ್ಲಿ ಮಂಕು, ಗೊಂದಲ. ಕೊನೆಗೆ ಮೂತ್ರಪಿಂಡಕ್ಕೇ ಪೆಟ್ಟು. ಔಷಧಿ ನಿಲ್ಲಿಸಿದರೂ ವಾರಗಟ್ಟಲೆ ಇಳಿಯುವುದಿಲ್ಲ. 6 ಲಕ್ಷ ಯೂನಿಟ್‌ನ ಇಂಜೆಕ್ಷನ್ 'ಒಂದೇ ಸಲಕ್ಕೆ ಮುಗಿಯುತ್ತದೆ' ಎಂದು ಕೇಳಿ ಹಾಕಿಸಿಕೊಳ್ಳುವವರು ಇದ್ದಾರೆ. ಕರುಳು ಡಿ ಹೀರದ ಕಾಯಿಲೆ ಇಲ್ಲದವರಿಗೆ ಅದು ಬೇಡ. ಒಂದೇ ಸಲ ರಾಶಿ ಸುರಿಯುವುದು ಮೂಳೆಗೂ ಒಳ್ಳೆಯದಲ್ಲ. ಆಸ್ಟ್ರೇಲಿಯಾದಲ್ಲಿ 70 ದಾಟಿದ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟು ನೋಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಬೀಳುವುದು, ಮೂಳೆ ಮುರಿಯುವುದು ಕಡಿಮೆಯಾಗುವ ಬದಲು ಹೆಚ್ಚಿತ್ತು.

ಚೀಟಿಯಲ್ಲಿ ಇನ್ನೊಂದನ್ನು ಗಮನಿಸಿ. ಸ್ಯಾಷೆಯ ಮೇಲೆ 'ಕೋಲೆಕ್ಯಾಲ್ಸಿಫೆರಾಲ್' ಎಂದಿರಬೇಕು, ಡಿ3ಯ ಇನ್ನೊಂದು ಹೆಸರು ಅದು. ಜೊತೆಗೆ ಕೊಡುವ ಕೆಲವು ಕ್ಯಾಲ್ಸಿಯಂ ಮಾತ್ರೆಗಳಲ್ಲಿ 'ಕ್ಯಾಲ್ಸಿಟ್ರಿಯಾಲ್' 0.25 ಮೈಕ್ರೋಗ್ರಾಂ ಸೇರಿರುತ್ತದೆ. ಅದು ಮೂತ್ರಪಿಂಡ ತಯಾರಿಸುವ ಆ ಚುರುಕು ಹಾರ್ಮೋನೇ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಅದರ ಉಪಯೋಗ ಇದೆ, ನಿಮ್ಮ ಖಾಲಿ ದಾಸ್ತಾನನ್ನು ಅದು ತುಂಬುವುದಿಲ್ಲ, ವರದಿಯ ಅಂಕಿಯನ್ನೂ ಏರಿಸುವುದಿಲ್ಲ, ಕ್ಯಾಲ್ಸಿಯಂ ಅತಿಯಾಗುವ ಅಪಾಯ ಮಾತ್ರ ಹೆಚ್ಚು. ಇದ್ದರೆ ಡಾಕ್ಟರನ್ನು ಕೇಳಿ ಸಾದಾ ಕ್ಯಾಲ್ಸಿಯಂಗೆ ಬದಲಾಯಿಸಿಕೊಳ್ಳಿ. ಕ್ಯಾಲ್ಸಿಯಂ ಕಾರ್ಬೋನೇಟ್ ಊಟದ ಜೊತೆ ತೆಗೆದುಕೊಳ್ಳಬೇಕು; ಕಬ್ಬಿಣದ ಮಾತ್ರೆಯ ಜೊತೆಗಲ್ಲ, ಥೈರಾಯ್ಡ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಮೂತ್ರದಲ್ಲಿ ಕಲ್ಲು ಆಗಿದ್ದರೆ, ಶ್ವಾಸಕೋಶ ಮೊದಲಾದ ಕಡೆ ಸಣ್ಣ ಗಂಟುಗಳೇಳುವ ಸಾರ್ಕಾಯಿಡೋಸಿಸ್ ಕಾಯಿಲೆ ಇದ್ದರೆ, ಟಿಬಿ ಚಿಕಿತ್ಸೆ ನಡೆಯುತ್ತಿದ್ದರೆ, ಗರ್ಭಿಣಿಯಾಗಿದ್ದರೆ ಮೊದಲ ಸ್ಯಾಷೆ ಒಡೆಯುವ ಮುಂಚೆಯೇ ಹೇಳಬೇಕು.

ಈ ಔಷಧಿ ಪ್ರಾಣಿಮೂಲದ್ದೇ ಎಂದು ಸಸ್ಯಾಹಾರಿಗಳು ಕೇಳುವ ಇನ್ನೊಂದು ಪ್ರಶ್ನೆಗೂ ಉತ್ತರ ಇಲ್ಲೇ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ಸಿಗುವ ಡಿ3 ಕುರಿಯ ಉಣ್ಣೆಯ ಜಿಡ್ಡಿನಿಂದ ತೆಗೆದದ್ದು, ಮೆತ್ತಗಿನ ಕ್ಯಾಪ್ಸೂಲಿನ ಹೊದಿಕೆ ಬಹುತೇಕ ಜೆಲಾಟಿನ್. ಪ್ರಾಣಿಮೂಲದ ಈ ಜೆಲಾಟಿನ್ ಬೇಡ ಎನ್ನುವವರು ಸ್ಯಾಷೆ ಅಥವಾ ಚೀಪುವ ಮಾತ್ರೆ ಆರಿಸಿಕೊಳ್ಳಬಹುದು. ಪೂರ್ತಿ ಸಸ್ಯಮೂಲದ್ದೇ ಬೇಕೆಂದರೆ ಕಲ್ಲುಹೂವಿನ ಜಾತಿಯ ಲೈಕೆನ್‌ನಿಂದ ತೆಗೆದ ಡಿ3 ಇದೆ, ಬೆಲೆ ಜಾಸ್ತಿ.

ಎಂಟು ವಾರದ ಆಮೇಲೆ

ಕೊನೆಯ ಸ್ಯಾಷೆಯ ಮರುದಿನವೇ ಪರೀಕ್ಷೆಗೆ ಓಡಬೇಡಿ. ರಕ್ತದ ಡಿ ಅರ್ಧಕ್ಕಿಳಿಯಲು ಎರಡು ಮೂರು ವಾರ ಹಿಡಿಯುತ್ತದೆ, ಏರಿದ್ದು ನೆಲೆಗೊಳ್ಳಲೂ ಹೊತ್ತು ಬೇಕು. ಚಿಕಿತ್ಸೆ ಶುರುವಾಗಿ ಮೂರು ತಿಂಗಳಿಗೆ ಒಮ್ಮೆ ಮಾಡಿಸಿದರೆ ಸಾಕು. 20 ದಾಟಿ ಆರಾಮಾಗಿ ಕೂತಿದ್ದರೆ ಮುಂದಿನದು ಕಾಪಾಡಿಕೊಳ್ಳುವ ಹಂತ. ಇಲ್ಲಿ ದಾರಿ ಮೂರು: ಮೇಲೆ ಹೇಳಿದಂತೆ ಕೈಕಾಲಿಗೆ ವಾರಕ್ಕೆ ಮೂರು ಸಲ ಬಿಸಿಲು, ಅಥವಾ ದಿನಕ್ಕೆ 600ರಿಂದ 1,000 ಯೂನಿಟ್‌ನ ಮಾತ್ರೆ, ಅಥವಾ ತಿಂಗಳಿಗೊಂದು 60,000ದ ಸ್ಯಾಷೆ, ಅಂದರೆ ದಿನಕ್ಕೆ 2,000ದ ಲೆಕ್ಕ. ನನ್ನ ಮತ ದಿನದ ಮಾತ್ರೆಗೆ. ಒಂದು ದಿನ ಮರೆತರೂ, ತಪ್ಪಿ ಎರಡು ನುಂಗಿದರೂ ಕೆಡುವುದೇನಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ನಿತ್ಯದ ಪ್ರಮಾಣವೂ 600 ಯೂನಿಟ್. ವೈದ್ಯರ ಕಣ್ಗಾವಲಿಲ್ಲದೆ ದಿನಕ್ಕೆ 4,000 ಮೀರಬಾರದು. ಏನೂ ಮಾಡದೆ ಬಿಟ್ಟರೆ, ಕೊರತೆಗೆ ಕಾರಣವಾದ ದಿನಚರಿ ಹಾಗೇ ಇರುವುದರಿಂದ, ತಿಂಗಳುಗಳು ಕಳೆದಂತೆ ಮಟ್ಟ ಮತ್ತೆ ಕೆಳಗಿಳಿಯುತ್ತದೆ.

ಎಂಟೂ ತಪ್ಪದೆ ತೆಗೆದುಕೊಂಡು ಮೂರು ತಿಂಗಳಿಗೂ 15ರಲ್ಲೇ ನಿಂತಿದ್ದರೆ? ಖಾಲಿ ಹೊಟ್ಟೆಯಲ್ಲಿ ಕುಡಿದಿರಾ, ತೂಕ ಹೆಚ್ಚಿದೆಯೇ (ಡಿ ಕೊಬ್ಬಿನಲ್ಲಿ ಹಂಚಿಹೋಗಿ ಎರಡು ಮೂರು ಪಟ್ಟು ಬೇಕಾಗುತ್ತದೆ), ಫಿಟ್ಸ್ ಮಾತ್ರೆಗಳಾದ ಫೆನಿಟಾಯಿನ್, ಕಾರ್ಬಮಾಜೆಪೈನ್ ಇವೆಯೇ, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ ಇದೆಯೇ ಎಂದು ಹುಡುಕಬೇಕು. ಪ್ರಮಾಣ ಕುರುಡಾಗಿ ಹೆಚ್ಚಿಸುವುದಲ್ಲ.

ಆಹಾರದಿಂದ ಡಿ ತುಂಬಿಸಿಕೊಳ್ಳುತ್ತೇನೆ ಎನ್ನುವುದು ಸಸ್ಯಾಹಾರಿಗೆ ಆಗದ ಮಾತು. ಪ್ಲಸ್ ಎಫ್ ಗುರುತಿನ, ಡಿ ಸೇರಿಸಿದ ಹಾಲಿನಲ್ಲಿ ಲೀಟರಿಗೆ 200ರಿಂದ 300 ಯೂನಿಟ್. ದಿನಕ್ಕೆ ಎರಡು ಲೋಟ ಕುಡಿದರೂ ನೂರರ ಆಸುಪಾಸು. ಅದೇ ಗುರುತಿನ ಅಡುಗೆ ಎಣ್ಣೆ ನಾಲ್ಕು ಚಿಕ್ಕ ಚಮಚದಿಂದ ಇನ್ನೊಂದು ನೂರು. ಅಣಬೆ ಹೆಚ್ಚಿ ನಡುಹಗಲಿನ ಬಿಸಿಲಲ್ಲಿ ಅರ್ಧ ಮುಕ್ಕಾಲು ಗಂಟೆ ಹರಡಿದರೆ ಅದರಲ್ಲಿ ಡಿ2 ತಯಾರಾಗುತ್ತದೆ, ನಮ್ಮ ಚರ್ಮದಲ್ಲಿ ಆಗುವಂತೆಯೇ. ರಾಗಿಯನ್ನು ಡಿಗೆಂದು ತಿನ್ನುವವರಿದ್ದಾರೆ. ರಾಗಿಯಲ್ಲಿರುವುದು ಕ್ಯಾಲ್ಸಿಯಂ, ನೂರು ಗ್ರಾಂಗೆ ಸುಮಾರು 360 ಮಿಲಿಗ್ರಾಂ, ಡಿ ಇಲ್ಲ. ಆದರೆ ಡಿ ಸರಿಹೋದ ಮೇಲೆ ಕರುಳು ಹೀರಿಕೊಳ್ಳಲು ಕ್ಯಾಲ್ಸಿಯಂ ಇರಬೇಕಲ್ಲ, ಮುದ್ದೆ ಬಿಡಬೇಡಿ.

ಅತ್ತೆಯವರ ವಿಷಯ. 67ರಲ್ಲಿ ಚರ್ಮದಲ್ಲಿ ಡಿಯ ಕಚ್ಚಾವಸ್ತುವೇ ಕಡಿಮೆ. ಅಷ್ಟೇ ಬಿಸಿಲಿಗೆ ಹರೆಯದವರ ಅರ್ಧದಷ್ಟು ಬಂದರೆ ಹೆಚ್ಚು. ಬಿದ್ದು ಮೂಳೆ ಮುರಿದಿದ್ದರೆ, ಮೂಳೆ ಸವೆತ ಇದ್ದರೆ, ಮೈಮೂಳೆ ನೋವು ಇದ್ದರೆ ಪರೀಕ್ಷೆ ಮಾಡಿಸಿ. ಏನೂ ಇಲ್ಲದಿದ್ದರೆ ಪರೀಕ್ಷೆಯ ದುಡ್ಡು ಉಳಿಸಿ, ದಿನಕ್ಕೆ 600 ಯೂನಿಟ್ ಕೊಡಲು ಅವರ ಡಾಕ್ಟರ ಹತ್ತಿರ ಮಾತಾಡಿ. 70 ದಾಟಿದ ಮೇಲೆ 800. ಬಿಪಿಗೆ ಹೈಡ್ರೋಕ್ಲೋರೋಥಯಾಜೈಡ್ ಅಥವಾ ಕ್ಲೋರ್‌ಥಾಲಿಡೋನ್ ಇರುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲು ತಿಳಿಸಿ: ಅವು ಮೂತ್ರದಲ್ಲಿ ಕ್ಯಾಲ್ಸಿಯಂ ಹೊರಹೋಗುವುದನ್ನು ತಡೆಯುತ್ತವೆ, ಮೊದಲನೆಯದು ಬಿಸಿಲಿಗೆ ಚರ್ಮವನ್ನು ಸೂಕ್ಷ್ಮವಾಗಿಯೂ ಮಾಡುತ್ತದೆ. ಅವರ ಏಳು ಗಂಟೆಯ ಎಳೆಬಿಸಿಲನ್ನು ಮಾತ್ರ ಬಿಡಿಸಲು ಹೋಗಬೇಡಿ. ಡಿ ಬರದಿದ್ದರೂ ಬೆಳಗಿನ ಬೆಳಕು ರಾತ್ರಿಯ ನಿದ್ದೆಗೆ ಒಳ್ಳೆಯದು, ನಡಿಗೆ ಮೂಳೆಗೆ ಒಳ್ಳೆಯದು. ಡಿಗೆಂದು ಬೇಕಿದ್ದರೆ ಹತ್ತೂವರೆಯ ಸುಮಾರಿಗೆ, ಗಿಡ್ಡ ತೋಳಿನ ರವಿಕೆಯಲ್ಲಿ, ಸೀರೆಯನ್ನು ಕೊಂಚ ಮೇಲೆತ್ತಿ ನೆರಳಿನಂಚಿಗೆ ಕಾಲು ಚಾಚಿ ಕೂರಲಿ. ಮಾರ್ಚ್‌ನಿಂದ ಮೇವರೆಗಿನ ಬಿಸಿಲಿನಲ್ಲಿ ತಲೆಸುತ್ತು ಬರುವುದರಿಂದ ಪಕ್ಕದಲ್ಲಿ ಒಂದು ಚೊಂಬು ನೀರು ಇರಲಿ.